ಇರುವುದು ಒಂದೇ ಶನಿವಾರ: ರೋಥೆನ್‌ಬರ್ಗಾ, ಬಾಂಬರ್ಗಾ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನಾನು, ನಮ್ಮ ಯಜಮಾನರು ಜರ್ಮನಿಯ ಎರ್ಲಾಂಗೆನ್‌ಗೆ ಬಂದು ಎರಡು ತಿಂಗಳಾಯಿತು. ಇಲ್ಲಿಯವರೆಗೆ ನೋಡಿದ್ದು ಮಗು, ಅಡುಗೆಮನೆ, ಬಟ್ಟೆ ಒಣಗಿಸುವ ಬಾಲ್ಕನಿ, ಅಷ್ಟೇ. ವಾಪಸು ಹೊರಡುವ ಮೊದಲು, ಸೆಪ್ಟೆಂಬರ್ ಮಧ್ಯದ ಒಂದು ಶನಿವಾರ ಅಳಿಯ ಮನೆ ನೋಡಿಕೊಳ್ಳುತ್ತಾರಂತೆ. ನೀವಿಬ್ಬರೇ ಎಲ್ಲಾದರೂ ಹೋಗಿ ಬನ್ನಿ ಅನ್ನುತ್ತಿದ್ದಾರೆ. ಯಜಮಾನರಿಗೆ ವಿಡಿಯೋ ನೋಡಿ ನೋಡಿ ರೋಥೆನ್‌ಬರ್ಗ್ ಹುಚ್ಚು ಹತ್ತಿದೆ. ನಾನು ಓದಿದ ಕಡೆ, ಅದೆಲ್ಲ ಯುದ್ಧದ ನಂತರ ಕಟ್ಟಿದ ನಕಲಿ ಊರು, ಬಾಂಬರ್ಗ್ ವಾಸಿ ಅಂತ ಇತ್ತು. ಆದರೆ ಪಕ್ಕದ ಮನೆಯ ಹುಡುಗಿ ಬಾಂಬರ್ಗ್ ಅಂದರೆ ಬಿಯರ್ ಕುಡಿಯುವವರ ಊರು ಆಂಟಿ ಅಂದಳು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಯಜಮಾನರಿಗೆ 67, ಮಂಡಿ ನೋವು, ಶುಗರ್ ಇದೆ, ಹಾಗಾಗಿ ಆಗಾಗ ಶೌಚಾಲಯ ಬೇಕು. ಕಾರಿಲ್ಲ, ಭಾಷೆ ಬರುವುದಿಲ್ಲ. ಸಂಜೆ ಆರೂವರೆಗೆ ಮಗುವಿನ ಸ್ನಾನದ ಹೊತ್ತಿಗೆ ಮನೆಯಲ್ಲಿರಬೇಕು. ಅಳಿಯನ ತಿಂಗಳ ಪಾಸಿನಲ್ಲಿ ನಾವು ಹೋಗಬಹುದಾ? ಯಾವ ಊರಿಗೆ ಹೋಗಲಿ?

ಉತ್ತರ: ಮೇಡಂ, ಉತ್ತರ ಮೊದಲು ಹೇಳಿಬಿಡುತ್ತೇನೆ. ಈ ಶನಿವಾರಕ್ಕೆ ಬಾಂಬರ್ಗ್. ಯಜಮಾನರಿಗೆ ಸ್ವಲ್ಪ ಬೇಜಾರಾಗುತ್ತದೆ, ಗೊತ್ತು. ಆದರೆ ರೋಥೆನ್‌ಬರ್ಗ್ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಹಗಲಿನ ಊರಲ್ಲ, ರಾತ್ರಿ ಉಳಿಯುವವರ ಊರು. ನಿಮಗೆ ಸಿಕ್ಕಿರುವುದು ಹಗಲು ಮಾತ್ರ.

ನಾನು ನ್ಯೂರೆಂಬರ್ಗ್‌ನಲ್ಲಿ ಕೂತು ನಮ್ಮ ಕಡೆಯಿಂದ ಬರುವವರಿಗೆ ಪ್ರವಾಸ ಹೊಂದಿಸಿಕೊಡುವ ಕೆಲಸ ಮಾಡುತ್ತೇನೆ, ಹನ್ನೆರಡು ವರ್ಷವಾಯಿತು. ನಿಮ್ಮ ಹಾಗೆ ಬಾಣಂತನಕ್ಕೆ ಬಂದ ಅಪ್ಪ ಅಮ್ಮಂದಿರೇ ನನ್ನ ಗಿರಾಕಿಗಳಲ್ಲಿ ಅರ್ಧ. ಅವರೆಲ್ಲ ಕೇಳುವುದು ಯಾವ ಊರು ಚೆಂದ ಅಂತ. ನಾನು ತಿರುಗಿ ಕೇಳುವುದು ಮಾತ್ರ ಎಷ್ಟು ಹೊತ್ತಿಗೆ ಮನೆ ಸೇರಬೇಕು ಅಂತ. ನೀವು ಅದನ್ನು ಮೊದಲೇ ಬರೆದಿದ್ದೀರಿ, ಅರ್ಧ ಕೆಲಸ ಮುಗಿಯಿತು. ನಿಮ್ಮ ಆತಂಕ ನನಗೆ ಅರ್ಥವಾದ ಹಾಗೆ ಇಷ್ಟು: ಎರಡು ತಿಂಗಳಿಗೆ ಸಿಕ್ಕಿದ ಒಂದು ದಿನ, ಅದನ್ನು ನಕಲಿ ಊರಿನಲ್ಲೋ, ಕುಡುಕರ ಮಧ್ಯೆಯೋ, ರೈಲು ಬದಲಿಸುವುದರಲ್ಲೋ ಕಳೆದುಬಿಟ್ಟರೆ ಏನು ಗತಿ ಅಂತ. ಒಂದೊಂದಾಗಿ ನೋಡೋಣ.

ಮೊದಲು ಆ ನಕಲಿ ವಿಷಯ. ಇದು ಅರ್ಧ ಸತ್ಯ, ಅದಕ್ಕೇ ಇಷ್ಟು ದಿನ ಓಡಾಡುತ್ತಿದೆ. 1945ರ ಮಾರ್ಚ್ 31ರಂದು ಅಮೆರಿಕನ್ ವಿಮಾನಗಳು ರೋಥೆನ್‌ಬರ್ಗ್ ಮೇಲೆ ಬಾಂಬು ಹಾಕಿದವು. ಹಳೇ ಊರಿನ ಸುಮಾರು ಶೇಕಡ 40 ಭಾಗ ಹೋಯಿತು, ಒಂಬತ್ತು ಗೋಪುರ ಬಿದ್ದವು, ಕೋಟೆ ಗೋಡೆ ಆರುನೂರು ಮೀಟರಿಗೂ ಜಾಸ್ತಿ ಕುಸಿಯಿತು. ಬಿದ್ದಿದ್ದು ಹೆಚ್ಚಾಗಿ ಪೂರ್ವದ ಕಡೆ, ಅಂದರೆ ನೀವು ರೈಲಿನಿಂದ ಇಳಿದು ಒಳಗೆ ನಡೆಯುವ ಕಡೆ. ಅಲ್ಲಿನ ಮನೆಗಳನ್ನು ಸೂಕ್ಷ್ಮವಾಗಿ ನೋಡಿದರೆ ಗೊತ್ತಾಗುತ್ತದೆ, ಛಾವಣಿಯ ಇಳಿಜಾರು ಹಳೆಯದರ ಹಾಗೇ ಇದೆ, ಗೋಡೆ ಮಾತ್ರ ಸಪಾಟು, ಕೆತ್ತನೆ ಗಿತ್ತನೆ ಇಲ್ಲ. ಮಾರುಕಟ್ಟೆ ಚೌಕ ದಾಟಿ ಪಶ್ಚಿಮಕ್ಕೆ ಹೋದರೆ ಇರುವುದು ಹೆಚ್ಚಾಗಿ ಹಳೆಯದೇ. ವಿಡಿಯೋಗಳಲ್ಲಿ ನಿಮ್ಮ ಯಜಮಾನರು ನೋಡಿರುವ ಆ ಹಳದಿ ಮರದ ಚೌಕಟ್ಟಿನ ಮನೆ, ಎರಡು ಕಡೆ ಎರಡು ಗೋಪುರ, ಅದರ ಹೆಸರು ಪ್ಲೋನ್‌ಲೈನ್, ಅದೂ ಹಳೆಯದೇ.

ಪೂರ್ತಿ ನಾಶವಾಗದೆ ಉಳಿದದ್ದಕ್ಕೆ ಒಂದು ಕಾರಣವೂ ಇದೆ. ಆಗ ಅಮೆರಿಕದ ಯುದ್ಧ ಇಲಾಖೆಯಲ್ಲಿ ಜಾನ್ ಮೆಕ್‌ಕ್ಲಾಯ್ ಅಂತ ಒಬ್ಬ ದೊಡ್ಡ ಅಧಿಕಾರಿ ಇದ್ದರು. ಅವರ ತಾಯಿಗೆ ಈ ಊರು ಇಷ್ಟ, ಹಾಗಾಗಿ ಮಗನಿಗೂ ಊರಿನ ವಿಷಯ ಗೊತ್ತಿತ್ತು. ಫಿರಂಗಿ ಹೊಡೆಯುವುದು ಬೇಡ, ಮಾತಾಡಿ ನೋಡಿ ಅಂದರು. ಏಪ್ರಿಲ್ 17ಕ್ಕೆ ಊರು ಕಾದಾಟವಿಲ್ಲದೆ ಶರಣಾಯಿತು. ಆಮೇಲೆ ಗೋಡೆ ಕಟ್ಟುವುದಕ್ಕೆ ಪ್ರಪಂಚದ ಮೂಲೆ ಮೂಲೆಯಿಂದ ದುಡ್ಡು ಬಂತು. ಗೋಡೆಯ ಮೇಲೆ ನಡೆದರೆ ಕಲ್ಲಿನಲ್ಲಿ ದಾನಿಗಳ ಹೆಸರು ಕಾಣುತ್ತದೆ, ಅಮೆರಿಕದವರು, ಜಪಾನಿನವರು ಬೇಕಾದಷ್ಟು. ನಮ್ಮ ದೇವಸ್ಥಾನದ ನೆಲಹಾಸಿಗೆ ಇಂಥವರ ಸೇವೆ ಅಂತ ಹೆಸರು ಕೆತ್ತಿಸುವುದಿಲ್ಲವಾ, ಥೇಟ್ ಹಾಗೇ. ಇದನ್ನು ನಕಲಿ ಅನ್ನುವುದಾದರೆ ಜೀರ್ಣೋದ್ಧಾರ ಆದ ಅರ್ಧ ಗುಡಿಗಳನ್ನೂ ನಕಲಿ ಅನ್ನಬೇಕಾಗುತ್ತದೆ.

ನನಗೆ ಹಾಗಾಗಿ ನಕಲಿ ಅನ್ನುವ ದೂರು ದೂರೇ ಅಲ್ಲ. ಇನ್ನೊಂದು ಕಥೆ ಇದೆ, ಅದು ಸುಳ್ಳು ಅನ್ನಬಹುದು, ಆದರೆ ಚೆಂದದ ಸುಳ್ಳು. 1631ರಲ್ಲಿ ಮೂವತ್ತು ವರ್ಷದ ಯುದ್ಧದಲ್ಲಿ ಸೇನಾಪತಿ ಟಿಲ್ಲಿ ಊರನ್ನು ಹಿಡಿದನಂತೆ, ಮೂರೂಕಾಲು ಲೀಟರ್ ವೈನನ್ನು ಒಂದೇ ಗುಟುಕಿಗೆ ಯಾರಾದರೂ ಕುಡಿದರೆ ಊರು ಬಿಡುತ್ತೇನೆ ಅಂದನಂತೆ, ಹಳೇ ಮೇಯರ್ ನುಶ್ ಕುಡಿದನಂತೆ, ಊರು ಉಳಿಯಿತಂತೆ. ಈ ಕಥೆ ನಾಟಕವಾಗಿ ಮೊದಲು ರಂಗಕ್ಕೆ ಬಂದದ್ದು 1881ರಲ್ಲಿ. ಚೌಕದ ಗಡಿಯಾರದಲ್ಲಿ ಗಂಟೆ ಹೊಡೆದಾಗ ಎರಡು ಕಿಟಕಿ ತೆರೆದು ಆ ಇಬ್ಬರ ಗೊಂಬೆ ಬರುತ್ತವೆ, ಕೆಳಗೆ ಇನ್ನೂರು ಜನ ಫೋನ್ ಹಿಡಿದು ನಿಂತಿರುತ್ತಾರೆ. ಗೊಂಬೆ ಲೋಟ ಎತ್ತುತ್ತದೆ, ಇಳಿಸುತ್ತದೆ, ಮುಗಿಯಿತು. ಇಷ್ಟೇನಾ ಅಂತ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅದನ್ನು ನೋಡುವುದೇ ಮಜಾ.

ಊರು ಹಳೆಯದಾಗಿ ಉಳಿದದ್ದಕ್ಕೆ ನಿಜವಾದ ಕಾರಣ ಬಡತನ. 1274ರಿಂದ ಅದು ನೇರ ಚಕ್ರವರ್ತಿಗೆ ಸೇರಿದ ಸ್ವತಂತ್ರ ನಗರ, ಒಳ್ಳೆ ಕಾಲದಲ್ಲಿ ದುಡ್ಡಿತ್ತು. ಮೂವತ್ತು ವರ್ಷದ ಆ ಯುದ್ಧ, ಅದರ ಹಿಂದೆಯೇ ಬಂದ ಪ್ಲೇಗು ಎರಡೂ ಸೇರಿ ಊರನ್ನು ಮಲಗಿಸಿದವು. ಹಳೇ ಮನೆ ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ಕಾಸಿರಲಿಲ್ಲ. ಇನ್ನೂರು ವರ್ಷ ಹಾಗೇ ಇದ್ದು, 19ನೇ ಶತಮಾನದಲ್ಲಿ ಚಿತ್ರಕಾರರು ಬಂದು, ಅಯ್ಯೋ ಎಷ್ಟು ಚೆಂದ ಅಂತ ಬರೆಯಲು ಶುರು ಮಾಡಿದರು. ಅಂದಿನಿಂದ ಇಂದಿನವರೆಗೆ ಊರು ಬದುಕುತ್ತಿರುವುದು ನೋಡಲು ಬರುವವರಿಂದಲೇ. ಸುಮಾರು ಹನ್ನೊಂದು ಸಾವಿರ ಜನರ ಊರು ಅದು. ಬೆಳಿಗ್ಗೆ ಹತ್ತರ ಮೇಲೆ ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆಯಿಂದ ಬಸ್ಸುಗಳು ಬಂದು ಇಳಿಸುತ್ತವೆ, ನಾಲ್ಕರ ಮೇಲೆ ಹತ್ತಿಸಿಕೊಂಡು ಹೋಗುತ್ತವೆ. ಈ ಮಧ್ಯದ ಹೊತ್ತಿನಲ್ಲಿ ಪ್ಲೋನ್‌ಲೈನ್ ಮುಂದೆ ಫೋಟೋಗೆ ಸಾಲು. ಬಸ್ಸು ಹೋದ ಮೇಲೆ ಅದೇ ಬೀದಿ ಖಾಲಿ. ದೀಪ ಹತ್ತುತ್ತದೆ, ರಾತ್ರಿ ಎಂಟಕ್ಕೆ ಕಪ್ಪು ಬಟ್ಟೆ, ಲಾಂದ್ರ, ಈಟಿ ಹಿಡಿದ ರಾತ್ರಿ ಕಾವಲುಗಾರ ಚೌಕಕ್ಕೆ ಬಂದು ಇಂಗ್ಲಿಷಿನಲ್ಲಿ ಕಥೆ ಹೇಳುತ್ತಾ ಊರು ಸುತ್ತಿಸುತ್ತಾನೆ. ನಾನು ಆ ಊರಿಗೆ ಎಷ್ಟೋ ಸಲ ಹೋಗಿದ್ದೇನೆ, ಮತ್ತೆ ಹೋಗಬೇಕು ಅನ್ನಿಸುವುದು ಆ ಹೊತ್ತಿಗಾಗಿಯೇ. ನಿಮಗೆ ಸಿಗದಿರುವುದೂ ಅದೇ. ಆರೂವರೆಗೆ ಮಗುವಿನ ಸ್ನಾನ.

ಇನ್ನು ರೈಲು. ಎರ್ಲಾಂಗೆನ್‌ನಿಂದ ಬಾಂಬರ್ಗ್‌ಗೆ ನೇರ ರೈಲಿದೆ, ಪ್ರಾದೇಶಿಕ ಎಕ್ಸ್‌ಪ್ರೆಸ್ ಆದರೆ ಅರ್ಧ ಗಂಟೆ, ನಿಂತು ನಿಂತು ಹೋಗುವ ಎಸ್-ಬಾನ್ ಆದರೆ ಮುಕ್ಕಾಲು ಗಂಟೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದು, ಅಷ್ಟೇ. ರೋಥೆನ್‌ಬರ್ಗ್‌ಗೆ ಮೊದಲು ನ್ಯೂರೆಂಬರ್ಗ್, ಅಲ್ಲಿಂದ ಆನ್ಸ್‌ಬಾಖ್, ಆಮೇಲೆ ಸ್ಟೈನಾಖ್ ಅನ್ನುವ ಪುಟ್ಟ ಜಂಕ್ಷನ್, ಅಲ್ಲಿಂದ ಕಾಲು ಗಂಟೆಯ ಸಣ್ಣ ರೈಲು. ಎರಡೋ ಮೂರೋ ಬದಲಿ, ಹತ್ತಿರ ಹತ್ತಿರ ಎರಡು ಗಂಟೆ. ಸ್ಟೈನಾಖ್‌ನಿಂದ ಒಳಗೆ ಹೋಗುವ ಸಣ್ಣ ರೈಲು ಗಂಟೆಗೊಂದು. ಅದು ತಪ್ಪಿದರೆ ಮುಂದಿನದಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಕೂರಬೇಕು. ನಾನೇ ಒಂದು ಡಿಸೆಂಬರ್‌ನಲ್ಲಿ ನಮ್ಮ ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ, ಬದಲಿಗೆ ಐದೇ ನಿಮಿಷ ಇಟ್ಟು, ಅದು ತಪ್ಪಿ, ಕೊರೆಯುವ ಚಳಿಯಲ್ಲಿ ಅವರನ್ನು ಒಂದು ಗಂಟೆ ನಿಲ್ಲಿಸಿದ್ದೇನೆ. ತಪ್ಪು ನನ್ನದೇ. ಚಿಕ್ಕಮ್ಮ ಇವತ್ತಿಗೂ ರೋಥೆನ್‌ಬರ್ಗ್ ಅಂದರೆ ಆ ಬೆಂಚನ್ನೇ ನೆನಪು ಮಾಡಿಕೊಳ್ಳುತ್ತಾರೆ, ಊರನ್ನಲ್ಲ.

ಜರ್ಮನಿಯಲ್ಲಿ ರೈಲು ಗಡಿಯಾರದ ಹಾಗೆ ಓಡುತ್ತದೆ ಅನ್ನುವುದು ನಮ್ಮ ಊರಿನವರ ನಂಬಿಕೆ. ಇಲ್ಲಿಯವರನ್ನು ಕೇಳಿ ನೋಡಿ, ನಗುತ್ತಾರೆ. ಶನಿವಾರ ಭಾನುವಾರ ಹಳಿ ಕೆಲಸ ಜಾಸ್ತಿ, ಕೆಲವೊಮ್ಮೆ ರೈಲಿನ ಬದಲು ಬಸ್ಸು ಬಿಡುತ್ತಾರೆ. ಬಾಂಬರ್ಗ್ ದಾರಿಯಲ್ಲೂ ಹಳಿ ವಿಸ್ತರಣೆ ಕೆಲಸ ವರ್ಷಗಳಿಂದ ನಡೆಯುತ್ತಿದೆ. ಹಾಗಾಗಿ ಶುಕ್ರವಾರ ರಾತ್ರಿ ಮಗಳ ಫೋನಿನಲ್ಲಿ ಒಮ್ಮೆ ನೋಡಿಕೊಳ್ಳಿ. ಬದಲಿ ಇಲ್ಲದ ದಾರಿಯಲ್ಲಿ ರೈಲು ತಡವಾದರೆ ಇಪ್ಪತ್ತು ನಿಮಿಷ ಹೋಗುತ್ತದೆ, ಮೂರು ಬದಲಿ ಇರುವ ದಾರಿಯಲ್ಲಿ ಅದೇ ಇಪ್ಪತ್ತು ನಿಮಿಷ ಒಂದೂವರೆ ಗಂಟೆಯಾಗುತ್ತದೆ.

ಅಳಿಯನ ಪಾಸು: ಆಗುವುದಿಲ್ಲ ಮೇಡಂ. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ಆ ತಿಂಗಳ ಪಾಸು ಹೆಸರಿನ ಮೇಲೆ ಇರುತ್ತದೆ, ಬೇರೆಯವರು ಬಳಸುವ ಹಾಗಿಲ್ಲ, ಮಾವ ಆದರೂ ಅಷ್ಟೇ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ, ತಲೆಗೆ. ನಿಮಗೆ ಸರಿಹೋಗುವುದು ವಿಜಿಎನ್ ಅನ್ನುವ ಇಲ್ಲಿನ ಸಾರಿಗೆ ಜಾಲದ ದಿನದ ಟಿಕೆಟ್, ಪ್ಲಸ್ ಅಂತ ಇರುವುದು, ಇಬ್ಬರು ದೊಡ್ಡವರಿಗೆ ಒಂದೇ ಟಿಕೆಟ್. ಬಾಂಬರ್ಗೂ ರೋಥೆನ್‌ಬರ್ಗೂ ಎರಡೂ ಆ ಜಾಲದ ಒಳಗೇ ಬರುತ್ತವೆ, ಊರೊಳಗಿನ ಬಸ್ಸಿಗೂ ನಡೆಯುತ್ತದೆ. ಶನಿವಾರ ಕೊಂಡರೆ ಭಾನುವಾರವೂ ಅದೇ ಟಿಕೆಟ್ ನಡೆಯುತ್ತದೆ, ಹಾಗಾಗಿ ಅಳಿಯನ ಮನಸ್ಸು ಒಳ್ಳೆಯದಿದ್ದರೆ ಭಾನುವಾರ ಎರಡು ಗಂಟೆ ನ್ಯೂರೆಂಬರ್ಗ್ ಕೋಟೆಯನ್ನೂ ನೋಡಿಕೊಂಡು ಬರಬಹುದು. ಬವೇರಿಯ ರಾಜ್ಯದ ದಿನದ ಟಿಕೆಟ್, ಬಯರ್ನ್ ಟಿಕೆಟ್ ಅನ್ನುವುದು ಕೂಡ ಆಗುತ್ತದೆ, ಆದರೆ ಅದರ ಮೇಲೆ ಪ್ರಯಾಣಿಕರ ಹೆಸರು ಬರೆಯಬೇಕು, ಮರೆಯಬೇಡಿ. ಒಂದು ಎಚ್ಚರಿಕೆ: ಎರ್ಲಾಂಗೆನ್‌ನಲ್ಲೂ ಬಾಂಬರ್ಗ್‌ನಲ್ಲೂ ಐಸಿಇ ಅನ್ನುವ ಬಿಳಿ ಬಣ್ಣದ ವೇಗದ ರೈಲೂ ನಿಲ್ಲುತ್ತದೆ. ಬಂತಲ್ಲ ಅಂತ ಹತ್ತಿಬಿಡಬೇಡಿ, ಅದಕ್ಕೆ ಈ ಟಿಕೆಟ್ ಯಾವುದೂ ನಡೆಯುವುದಿಲ್ಲ.

ಈಗ ಬಾಂಬರ್ಗ್ ಬಗ್ಗೆ ನಿಮ್ಮ ಪಕ್ಕದ ಮನೆಯ ಹುಡುಗಿ ಹೇಳಿದ್ದು. ಬಿಯರ್ ಊರು ಹೌದು, ಸುಳ್ಳಲ್ಲ. ಹೊಗೆ ವಾಸನೆಯ ಬಿಯರ್ ಅಲ್ಲಿಯ ಹೆಸರುವಾಸಿ ಸರಕು. ಹಿಂದೆ ಮೊಳಕೆ ಬಂದ ಬಾರ್ಲಿಯನ್ನು ಎಲ್ಲರೂ ಸೌದೆ ಉರಿಯಲ್ಲೇ ಒಣಗಿಸುತ್ತಿದ್ದರು, ಎಲ್ಲ ಬಿಯರಿಗೂ ಹೊಗೆ ಹತ್ತುತ್ತಿತ್ತು. ಬೇರೆ ಊರಿನವರು ಬಿಸಿ ಗಾಳಿಯಲ್ಲಿ ಒಣಗಿಸಲು ಕಲಿತ ಮೇಲೆ ಆ ವಾಸನೆ ಹೋಯಿತು. ಬಾಂಬರ್ಗ್‌ನ ಒಂದೆರಡು ಮನೆಯವರು ಬೀಚ್ ಮರದ ಬೆಂಕಿ ಬಿಡಲಿಲ್ಲ. ಆ ಬೀದಿಯಲ್ಲಿ ಹೋಗುವಾಗ ಸುಟ್ಟ ಮಾಂಸದ ಹಾಗೆ ವಾಸನೆ ಬಂದರೆ ಗಾಬರಿಯಾಗಬೇಡಿ, ಅದು ಎಷ್ಟೋ ಸಲ ಬಿಯರಿನದೇ. ಆದರೆ ಕುಡಿದು ತೂರಾಡುವ ಊರು ಅಂದುಕೊಂಡರೆ ತಪ್ಪು. ಇಲ್ಲಿ ಬಿಯರ್ ಅಂದರೆ ಊಟದ ಜೊತೆಯ ಮಜ್ಜಿಗೆ ಇದ್ದ ಹಾಗೆ, ಅಜ್ಜ ಅಜ್ಜಿ, ತಳ್ಳುಗಾಡಿಯಲ್ಲಿ ಮಗು, ಎಲ್ಲರೂ ಒಂದೇ ಮೇಜಿನಲ್ಲಿ ಕೂತಿರುತ್ತಾರೆ. ಗಲಾಟೆ ಇರುವುದು ಆಗಸ್ಟ್ ಕೊನೆಯ ಜಾತ್ರೆಯಲ್ಲಿ, ಸಾಂಡ್‌ಕೆರ್ವಾ ಅಂತಾರೆ. ನೀವು ಹೋಗುವ ಹೊತ್ತಿಗೆ ಅದು ಮುಗಿದಿರುತ್ತದೆ.

ಸುಳ್ಳು ಹೇಳಬಾರದು, ಬಾಂಬರ್ಗ್‌ನಲ್ಲೂ ಜನಜಂಗುಳಿ ಇದೆ. 1992ರಲ್ಲಿ ಮೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಸೇರಿಸುವ ಕಾಲುವೆ ಮುಗಿದ ಮೇಲೆ ಪ್ರವಾಸಿ ಹಡಗುಗಳು ಊರ ಪಕ್ಕದ ಬಂದರಿಗೇ ಬಂದು ನಿಲ್ಲುತ್ತವೆ. ಬಾವುಟ ಹಿಡಿದ ಗೈಡು, ಹಿಂದೆ ನಲವತ್ತು ಜನ, ಈ ಸಾಲು ಹಳೇ ಸೇತುವೆ ಮೇಲೆ ಕಾಣುತ್ತದೆ. ಆದರೆ ಇದು ಎಪ್ಪತ್ತೈದು ಸಾವಿರಕ್ಕೂ ಜಾಸ್ತಿ ಜನರ ಊರು, ವಿಶ್ವವಿದ್ಯಾಲಯ ಇದೆ, ಸಂತೆ ಇದೆ. ಹಡಗಿನವರು ಸೇತುವೆಯಿಂದ ಗುಡ್ಡದ ಚರ್ಚಿಗೆ ಹೋಗುವ ಒಂದು ಗೆರೆಯಲ್ಲೇ ಓಡಾಡುತ್ತಾರೆ. ಎರಡು ಬೀದಿ ಆಚೆ ಹೋದರೆ ಊರಿನವರು ಬ್ರೆಡ್ಡು ಕೊಳ್ಳುತ್ತಿರುತ್ತಾರೆ.

ನೋಡುವುದಕ್ಕೆ ಏನಿದೆ ಅಂತ ಯಜಮಾನರು ಕೇಳುತ್ತಾರೆ, ಅಲ್ವಾ? ಮೊದಲನೆಯದು ನದಿಯ ನಡುವೆ ನಿಂತಿರುವ ಹಳೇ ಪುರಭವನ. ಊರಿನವರಿಗೆ ಪುರಭವನ ಕಟ್ಟಲು ಬಿಷಪ್ ಜಾಗ ಕೊಡಲಿಲ್ಲವಂತೆ, ಸಿಟ್ಟಿಗೆದ್ದು ನದಿಯೊಳಗೇ ಮರದ ಕಂಬ ಹೂತು ದ್ವೀಪ ಮಾಡಿ ಕಟ್ಟಿದರಂತೆ. ಇದೂ ದಂತಕಥೆಯೇ, ಆದರೆ ಬಿಷಪ್ಪನಿಗೂ ಊರಿನವರಿಗೂ ಜಗಳ ಇದ್ದದ್ದು ನಿಜ. ಗೋಡೆ ತುಂಬ 1755ರಲ್ಲಿ ಯೋಹಾನ್ ಆನ್‌ವಾಂಡರ್ ಬರೆದ ಚಿತ್ರ. ಒಂದು ಮೂಲೆಯಲ್ಲಿ ಪುಟ್ಟ ದೇವದೂತನ ಕಾಲು ಚಿತ್ರದಿಂದ ಹೊರಗೆ ಚಾಚಿಕೊಂಡಿದೆ, ಬಣ್ಣದ್ದಲ್ಲ, ನಿಜವಾದ ಗಾರೆಯ ಕಾಲು. ಮೊದಲು ಅದನ್ನು ಯಾರು ಕಂಡುಹಿಡಿಯುತ್ತಾರೆ ನೋಡೋಣ ಅಂತ ಯಜಮಾನರಿಗೆ ಪಂಥ ಕಟ್ಟಿ. ಪಕ್ಕದ ಕೆಳಸೇತುವೆಯಿಂದ ನೋಡಿದರೆ ನದಿಗೆ ತಾಗಿಕೊಂಡೇ ಹಳೇ ಮೀನುಗಾರರ ಮನೆಗಳ ಸಾಲು, ಅದನ್ನು ಪುಟ್ಟ ವೆನಿಸ್ ಅನ್ನುತ್ತಾರೆ.

ಇಲ್ಲಿ ಉಳಿದಿರುವುದರ ಹಿಂದೆ ಬಡತನವಿಲ್ಲ, ಬಿಷಪ್ಪರ ದುಡ್ಡಿದೆ. 1007ರಲ್ಲಿ ರಾಜ ಎರಡನೇ ಹೈನ್‌ರಿಕ್, ಆಮೇಲೆ ಚಕ್ರವರ್ತಿಯಾದವನು, ಇಲ್ಲಿ ಧರ್ಮಪೀಠ ಸ್ಥಾಪಿಸಿದ, 1802ರವರೆಗೂ ಬಿಷಪ್ಪರೇ ರಾಜರು. 1700ರ ಆಸುಪಾಸಿನಲ್ಲಿ ಒಬ್ಬ ಬಿಷಪ್, ಮನೆಯ ಮುಂಭಾಗ ಹೊಸ ಬರೋಕ್ ಶೈಲಿಗೆ ಬದಲಿಸಿದವರಿಗೆ ತೆರಿಗೆ ರಿಯಾಯಿತಿ ಕೊಟ್ಟ. ಜನ ಬಿಡುತ್ತಾರಾ? ಹಳೇ ಮರದ ಮನೆಗೆ ಮುಂದೆ ಗಾರೆ ಬಳಿದು ಅಲಂಕಾರ ಮಾಡಿದರು. ಹಾಗಾಗಿ ಎಷ್ಟೋ ಮನೆಗಳು ಹೊರಗೆ ಹದಿನೆಂಟನೇ ಶತಮಾನ, ಒಳಗೆ ಹದಿನೈದನೆಯದು. ನಕಲಿ ಅಸಲಿ ಲೆಕ್ಕ ಇಲ್ಲಿಗೆ ಹಚ್ಚಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ! ಎರಡನೇ ಮಹಾಯುದ್ಧದಲ್ಲಿ ಪೆಟ್ಟು ಕಡಿಮೆ ಬಿತ್ತು. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಗುಡ್ಡದ ಮೇಲಿನ ದೊಡ್ಡ ಚರ್ಚಿಗೆ, ಡೋಮ್ ಅನ್ನುತ್ತಾರೆ, ನೀವು ಹೋಗಲೇಬೇಕು. ನಾಲ್ಕು ಗೋಪುರ, ಈಗಿನ ಕಟ್ಟಡ 1237ರದ್ದು. ಎಲ್ಲರೂ ಕಂಬಕ್ಕೆ ಒರಗಿ ನಿಂತ ಕಲ್ಲಿನ ಕುದುರೆ ಸವಾರನನ್ನು ನೋಡುತ್ತಾರೆ. ಅವನು ಯಾರು ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ. ನಾನು ನಿಮ್ಮನ್ನು ನಿಲ್ಲಿಸುವುದು ಬೇರೆ ಕಡೆ, ಹೈನ್‌ರಿಕ್ ಮತ್ತು ಅವನ ಹೆಂಡತಿ ಕುನಿಗುಂಡೆಯ ಸಮಾಧಿಯ ಹತ್ತಿರ. ರೀಮೆನ್‌ಶ್ನೈಡರ್ ಅನ್ನುವ ಶಿಲ್ಪಿ 1499ರಿಂದ 1513ರವರೆಗೆ ಕೆತ್ತಿದ್ದು. ಪಕ್ಕದ ಫಲಕ ಬಗ್ಗಿ ನೋಡಿ. ಒಬ್ಬ ಹೆಂಗಸು ಕಾದ ನೇಗಿಲ ಗುಳಗಳ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದಾಳೆ. ಗಂಡನಿಗೆ ಅನುಮಾನ ಬಂತು, ರಾಣಿ ತನ್ನ ಶುದ್ಧತೆ ತೋರಿಸಲು ನಡೆದಳು, ಕಾಲು ಸುಡಲಿಲ್ಲ. ನಮ್ಮ ಕಡೆಯ ಯಾವ ಅಜ್ಜಿಯನ್ನು ಅಲ್ಲಿ ನಿಲ್ಲಿಸಿದರೂ ಕಥೆ ಹೇಳುವ ಮೊದಲೇ, ಅಯ್ಯೋ ಇದು ಸೀತಮ್ಮನ ಅಗ್ನಿಪರೀಕ್ಷೆ ಅಲ್ವಾ ಅನ್ನುತ್ತಾರೆ. ಸೀತೆ ಸಿಕ್ಕಿದ್ದೂ ನೇಗಿಲ ಸಾಲಿನಲ್ಲೇ. ಒಂದು ಸಲ ಒಬ್ಬ ಅಮ್ಮ, ಇಲ್ಲಿಯ ಗಂಡಸರೂ ಹೀಗೇನಾ ಅಂದರು, ಇಡೀ ಗುಂಪು ನಕ್ಕಿತು, ಕಾವಲಿನವರು ಶ್ ಅಂದರು. ಇನ್ನೊಂದು ಫಲಕದಲ್ಲಿ ಚಕ್ರವರ್ತಿಯ ಹೊಟ್ಟೆಯ ಕಲ್ಲನ್ನು ಸಂತರೊಬ್ಬರು ತೆಗೆದು ಕೈಗೆ ಕೊಡುತ್ತಿದ್ದಾರೆ. ಅದನ್ನು ಯಜಮಾನರಿಗೆ ತೋರಿಸಿ.

ಇದೇ ರೀಮೆನ್‌ಶ್ನೈಡರ್ ರೋಥೆನ್‌ಬರ್ಗ್‌ನ ಸೇಂಟ್ ಯಾಕೋಬ್ ಚರ್ಚಿನಲ್ಲೂ ಮರದಲ್ಲಿ ಕೆತ್ತಿದ್ದಾನೆ, ಹೆಸರುವಾಸಿ ಕೆಲಸ ಅದು. ಅಲ್ಲಿಗೆ ಹೋಗದಿದ್ದರೂ ಅವನ ಕೈಕೆಲಸ ತಪ್ಪುವುದಿಲ್ಲ. ಅದೇ ಡೋಮ್‌ನಲ್ಲಿ ಎರಡನೇ ಕ್ಲೆಮೆಂಟ್ ಅನ್ನುವ ಪೋಪರ ಸಮಾಧಿಯೂ ಇದೆ, ಆಲ್ಪ್ಸ್‌ನ ಉತ್ತರಕ್ಕೆ ಉಳಿದಿರುವ ಪೋಪ್ ಸಮಾಧಿ ಅದೊಂದೇ. ಪೂಜೆ, ಮದುವೆ, ಆರ್ಗನ್ ಸಂಗೀತ ಇದ್ದರೆ ಒಳಗೆ ಓಡಾಡಲು ಬಿಡುವುದಿಲ್ಲ, ಶನಿವಾರ ಇದು ಆಗುವುದುಂಟು. ಬಾಗಿಲು ಹಾಕಿದ್ದರೆ ಎದುರಿನ ಹೊಸ ಅರಮನೆಯ ಗುಲಾಬಿ ತೋಟದಲ್ಲಿ ಕೂತಿದ್ದು ಆಮೇಲೆ ಹೋಗಿ. ಆ ತೋಟದಿಂದ ಕೆಳಗಿನ ಊರಿನ ಕೆಂಪು ಹೆಂಚಿನ ಛಾವಣಿಗಳೆಲ್ಲ ಕಾಣುತ್ತವೆ, ಬೆಂಚೂ ಇದೆ.

ಎಲ್ಲವೂ ಚೆಂದದ ಕಥೆಯಲ್ಲ. 1626ರಿಂದ 1631ರವರೆಗೆ ಇದೇ ಊರಿನಲ್ಲಿ ಮಾಟಗಾತಿ ಅಂತ ಹೆಸರಿಟ್ಟು ನೂರಾರು ಜನರನ್ನು ಕೊಂದರು. ಮೇಯರ್ ಯೋಹಾನೆಸ್ ಯೂನಿಯುಸ್ ಕೂಡ 1628ರಲ್ಲಿ ಸತ್ತ. ಚಿತ್ರಹಿಂಸೆಯಿಂದ ಒಡೆದ ಕೈಯಲ್ಲಿ ಮಗಳಿಗೆ ಬರೆದ ಅವನ ಪತ್ರ ಇನ್ನೂ ಇದೆ. ರೋಥೆನ್‌ಬರ್ಗ್ ಕಥೆಯೂ ಅಷ್ಟೇ, 1938ರ ಅಕ್ಟೋಬರ್‌ನಲ್ಲಿ ತನ್ನ ಕೊನೆಯ ಯಹೂದಿ ಕುಟುಂಬಗಳನ್ನು ಊರು ಓಡಿಸಿತು. ಪೋಸ್ಟ್‌ಕಾರ್ಡ್‌ನಲ್ಲಿ ಇದು ಇರುವುದಿಲ್ಲ.

ಮಂಡಿಯ ವಿಷಯಕ್ಕೆ ಬರೋಣ. ಈ ಲೆಕ್ಕದಲ್ಲಿ ಬಾಂಬರ್ಗ್ ಸೋಲುತ್ತದೆ, ಒಪ್ಪಿಕೊಳ್ಳುತ್ತೇನೆ. ಏಳು ಗುಡ್ಡದ ಊರು ಅಂತಲೇ ಹೆಸರು. ಡೋಮ್‌ಗೆ ಹೋಗುವ ಏರು ಉದ್ದವಿಲ್ಲ, ಆದರೆ ಕಡಿದು, ಕಾಲಡಿಗೆ ಉಬ್ಬು ಕಲ್ಲು. ರೋಥೆನ್‌ಬರ್ಗ್‌ನ ಹಳೇ ಊರು ನದಿಯ ಮೇಲಿನ ದಿಬ್ಬದಲ್ಲಿ ಬಹುತೇಕ ಸಮತಟ್ಟು, ಕಲ್ಲುಹಾಸು ಮಾತ್ರ ಅಲ್ಲೂ ಇದೆ, ಮತ್ತು ಕೋಟೆ ಗೋಡೆಗೆ ಹತ್ತುವ ಮೆಟ್ಟಿಲು ಕಿರಿದು, ಕಡಿದು. ಅದಕ್ಕೇ ಬಾಂಬರ್ಗ್‌ನಲ್ಲಿ ಹತ್ತಬೇಡಿ ಅನ್ನುತ್ತೇನೆ, ಇಳಿಯಿರಿ. ರೈಲ್ವೆ ನಿಲ್ದಾಣದ ಮುಂದಿನಿಂದ ಊರ ನಡುವಿನ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಡೋಮ್ ಚೌಕಕ್ಕೆ ಬಸ್ಸು ಹಿಡಿದು ಮೊದಲೇ ಮೇಲೆ ಹೋಗಿಬಿಡಿ, ಆಮೇಲೆ ನಿಧಾನಕ್ಕೆ ಕೆಳಗೆ ಬನ್ನಿ. ಇಳಿಯುವಾಗ ಮಂಡಿ ಜಾಸ್ತಿ ನೋಯುವವರಾದರೆ ಬಸ್ಸಿನಲ್ಲೇ ವಾಪಸು ಬರಬಹುದು. ಚಪ್ಪಲಿ ಬೇಡ, ದಪ್ಪ ಅಡಿಯ ಶೂ.

ಶೌಚಾಲಯಕ್ಕೆ ಐವತ್ತು ಸೆಂಟ್, ಒಂದು ಯೂರೋ ನಾಣ್ಯ ಒಂದು ಮುಷ್ಟಿ ಇಟ್ಟುಕೊಳ್ಳಿ, ಎಷ್ಟೋ ಕಡೆ ನಾಣ್ಯ ಹಾಕಿದರೇ ಬಾಗಿಲು ತೆರೆಯುವುದು. ಪ್ರಾದೇಶಿಕ ರೈಲಿನಲ್ಲೂ ಇದೆ, ಇಳಿಯುವ ಮೊದಲು ಮುಗಿಸಿಕೊಳ್ಳಲಿ.

ಊಟದ ಬಗ್ಗೆ ಎರಡೂ ಊರು ಒಂದೇ, ಎರಡೂ ಕಡೆ ಸಾಸೇಜೇ. ಮೊಟ್ಟೆಯೂ ಇಲ್ಲ ಅಂದಿದ್ದೀರಿ, ಹಾಗಾದರೆ ಸಸ್ಯಾಹಾರ ಅಂತ ಬರೆದದ್ದನ್ನೆಲ್ಲ ನಂಬಬೇಡಿ. ಚೀಸ್ ಹಾಕಿದ ಸ್ಪೆಟ್ಸ್‌ಲೆ ಸಸ್ಯಾಹಾರದ ಪಟ್ಟಿಯಲ್ಲೇ ಇರುತ್ತದೆ, ಆದರೆ ಆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಆಲೂಗಡ್ಡೆ ಕಡುಬಿನ ಹಾಗಿರುವ ಕ್ಲೋಸ್ ಚೆನ್ನಾಗಿರುತ್ತದೆ, ಮೇಲೆ ಸುರಿಯುವ ಸಾರು ಮಾಂಸದ್ದು. ಬಾಂಬರ್ಗ್ ಈರುಳ್ಳಿ ಅಂತ ಮೆನುವಿನಲ್ಲಿ ಕಂಡರೆ, ಈರುಳ್ಳಿ ತಾನೇ ಅಂದುಕೊಳ್ಳಬೇಡಿ, ಒಳಗೆ ಖೀಮಾ ತುಂಬಿರುತ್ತಾರೆ. ರೋಥೆನ್‌ಬರ್ಗ್‌ನ ಹಿಮದುಂಡೆ, ಶ್ನೀಬಾಲ್, ನೋಡಲು ನಮ್ಮ ಚಿರೋಟಿಯನ್ನು ಉಂಡೆ ಕಟ್ಟಿ ಕರಿದ ಹಾಗೆ, ಮೇಲೆ ಸಕ್ಕರೆ ಪುಡಿ, ಅದರಲ್ಲೂ ಮೊಟ್ಟೆ. ಮೊಟ್ಟೆ ಬೇಡ ಅನ್ನಲು ಓನೆ ಐ, ಮಾಂಸ ಬೇಡ ಅನ್ನಲು ಓನೆ ಫ್ಲೈಶ್. ನನ್ನ ಸಲಹೆ ಸುಲಭ: ಡಬ್ಬಿಯಲ್ಲಿ ಚಿತ್ರಾನ್ನ ತೆಗೆದುಕೊಂಡು ಹೋಗಿ. ಬವೇರಿಯದಲ್ಲಿ ಮರದ ಕೆಳಗೆ ಮೇಜು ಹಾಕಿರುವ ಬಿಯರ್ ತೋಟಗಳಲ್ಲಿ ಎಷ್ಟೋ ಕಡೆ, ಕುಡಿಯುವುದನ್ನು ಅವರಲ್ಲಿ ಕೊಂಡರೆ ಮನೆಯ ಊಟ ಬಿಚ್ಚಬಹುದು, ಹಳೇ ಪದ್ಧತಿ. ಕೂರುವ ಮೊದಲು ಒಮ್ಮೆ ಕೇಳಿ. ಆಪಲ್ ರಸಕ್ಕೆ ಸೋಡಾ ಬೆರೆಸಿದ್ದು ಸಿಗುತ್ತದೆ, ಶುಗರ್ ಇರುವವರಿಗೆ ಬರೀ ನೀರೇ ವಾಸಿ.

ಹಾಗಾದರೆ ರೋಥೆನ್‌ಬರ್ಗ್ ಬಿಟ್ಟೇ ಬಿಡಬೇಕಾ? ಬೇಡ. ಎರಡು ದಾರಿ ಇದೆ. ಅಳಿಯ ಒಂದು ದಿನ ಕಾರು ಬಾಡಿಗೆಗೆ ತೆಗೆದುಕೊಂಡರೆ ಒಂದೂಕಾಲು ಗಂಟೆಯಲ್ಲಿ ಹೋಗಬಹುದು, ಕಾರನ್ನು ಗೋಡೆಯ ಹೊರಗಿನ ನಿಲುಗಡೆಯಲ್ಲಿ ಬಿಟ್ಟು ಒಳಗೆ ನಡೆಯುವುದು. ಒಂಬತ್ತಕ್ಕೆ ಮುಂಚೆ ತಲುಪಿದರೆ ಬಸ್ಸು ಬರುವ ಮೊದಲು ಒಂದು ಗಂಟೆ ಊರು ನಿಮ್ಮದೇ. ಮಗುವನ್ನೂ ಕರೆದುಕೊಂಡು ಹೋದರೆ ತಳ್ಳುಗಾಡಿಯ ಚಕ್ರ ಆ ಕಲ್ಲುಹಾಸಿನಲ್ಲಿ ಕುಣಿಯುತ್ತದೆ, ಬಟ್ಟೆಯಲ್ಲಿ ಕಟ್ಟಿಕೊಳ್ಳುವುದೇ ಸರಿ. ಇನ್ನೊಂದು, ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಮತ್ತೆ ಬರುತ್ತೀರಲ್ಲ, ಆಗ ವಾರದ ದಿನ ನೋಡಿಕೊಂಡು ಒಂದು ರಾತ್ರಿ ಗೋಡೆಯ ಒಳಗೇ ಉಳಿಯಿರಿ. ಡಿಸೆಂಬರ್‌ನ ಶನಿವಾರ ಭಾನುವಾರ ಮಾತ್ರ ಬೇಡ, ಕ್ರಿಸ್‌ಮಸ್ ಸಂತೆಗೆ ನೂಕುನುಗ್ಗಲು.

ಇಷ್ಟೆಲ್ಲ ಕೇಳಿಯೂ ಯಜಮಾನರು ಈ ಶನಿವಾರವೇ ಅದೇ ಬೇಕು ಅಂದರೆ ಜಗಳ ಆಡಬೇಡಿ, ಹೋಗಿ. ಏಳಕ್ಕೆ ಮನೆ ಬಿಡಿ. ಫೋನಿನಲ್ಲಿ ಊರಿನ ಹೆಸರು ಒತ್ತುವಾಗ ಓಬ್ ಡೆರ್ ಟೌಬರ್ ಅಂತ ಇರುವುದನ್ನೇ ಆರಿಸಿ, ಟೌಬರ್ ನದಿಯ ಮೇಲಿನದು ಅಂತ ಅರ್ಥ. ರೋಟೆನ್‌ಬರ್ಗ್, ರೋಟ್ಟೆನ್‌ಬರ್ಗ್ ಅಂತ ಬೇರೆ ಊರುಗಳು ಜರ್ಮನಿಯ ಮೂಲೆ ಮೂಲೆಯಲ್ಲಿವೆ, ಒಂದು ಅಕ್ಷರ ತಪ್ಪಿದರೆ ಅಳಿಯನಿಗೆ ಫೋನ್ ಮಾಡಬೇಕಾಗುತ್ತದೆ. ಗೋಡೆ ಹತ್ತುವುದು ಬಿಡಿ, ಚರ್ಚು, ಪ್ಲೋನ್‌ಲೈನ್, ಕಣಿವೆ ಕಾಣುವ ಕೋಟೆ ತೋಟ, ಇಷ್ಟು ನೋಡಿ ಎರಡೂವರೆಗೆ ನಿಲ್ದಾಣಕ್ಕೆ ಹೊರಡಿ. ಮೂರೂವರೆಯ ರೈಲು ಹಿಡಿದರಾಯಿತು ಅನ್ನುವವರು ಎಂಟಕ್ಕೆ ಮನೆ ಸೇರಿದ್ದನ್ನು ನೋಡಿದ್ದೇನೆ.

ಬಾಂಬರ್ಗ್ ಆದರೆ ಇಷ್ಟು ಒದ್ದಾಟವಿಲ್ಲ. ಒಂಬತ್ತರ ಹೊತ್ತಿಗೆ ಹೊರಟು ಹತ್ತೂವರೆಗೆ ಡೋಮ್, ಹನ್ನೆರಡಕ್ಕೆ ಗುಲಾಬಿ ತೋಟ, ಆಮೇಲೆ ಕೆಳಗೆ ಪುರಭವನ, ಊಟ. ಮೂರರ ಹೊತ್ತಿಗೆ ಹಸಿರು ಮಾರುಕಟ್ಟೆ, ಅಂದರೆ ತರಕಾರಿ ಸಂತೆ, ಅಂಗಡಿಗಳು ಕಟ್ಟುವ ಮೊದಲು. ಕೈಯಲ್ಲಿ ತ್ರಿಶೂಲ ಹಿಡಿದ ಸಮುದ್ರ ದೇವರ ಕಾರಂಜಿ ಅಲ್ಲಿದೆ, ಊರಿನವರು ಅವನನ್ನು ಮುಳ್ಳುಚಮಚದವನು ಅಂತಲೇ ಕರೆಯುವುದು. ಈ ಊರಿನೊಳಗೇ ತಲೆತಲಾಂತರದಿಂದ ತರಕಾರಿ ಬೆಳೆಯುವ ಮನೆತನಗಳಿವೆ, ಯುನೆಸ್ಕೋ ಪಟ್ಟಿಯಲ್ಲಿ ಅವರ ಕೇರಿಯೂ ಸೇರಿದೆ. ಹಿಂದೆ ಅವರು ಬೆಳೆದು ಹೆಸರು ಮಾಡಿದ್ದು ಜ್ಯೇಷ್ಠಮಧು, ಈಗಲೂ ಸ್ವಲ್ಪ ಬೆಳೆಯುತ್ತಾರೆ. ಬಾಣಂತಿ ಮನೆಗೆ ಬಂದ ಅಜ್ಜಿಗೆ ಅದು ಏನು ಅಂತ ನಾನು ಹೇಳಬೇಕಾಗಿಲ್ಲ. ನಾಲ್ಕೂವರೆಯ ಆಸುಪಾಸಿನ ರೈಲು ಹಿಡಿಯಿರಿ. ಅದು ತಪ್ಪಿದರೂ ಹಿಂದೆಯೇ ಇನ್ನೊಂದು ಇರುತ್ತದೆ, ಮಗುವಿನ ಸ್ನಾನಕ್ಕೆ ನೀರು ಕಾಯಿಸುವ ಹೊತ್ತಿಗೆ ಮನೆಯಲ್ಲಿರುತ್ತೀರಿ.